ಮುದ್ರೆ, ಬಂಡೆ ಮತ್ತು ವಿಶ್ವಾಸದ ಸಾಕ್ಷ್ಯ

ಪ್ರಾಕ್ತನಶಾಸ್ತ್ರವು ಬೈಬಲ್ಲನ್ನು ಸತ್ಯವೆಂದು ಸ್ಥಾಪಿಸಿದೆಯೇ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಸೇವೆಗೆ ಹೋಗುವ ಗುರುಗಳು ಓದಿದ ಯುವಜನರಿಂದ ಈ ಪ್ರಶ್ನೆಯನ್ನು ಕೇಳದೆ ಇರಲಾರರು. 'ಹೌದು' ಎಂದು ಬೇಗನೆ ಹೇಳಿಬಿಡುವ ಪ್ರಬೋಧಕನು ವಿಶ್ವಾಸವನ್ನು ದುರ್ಬಲವಾದ ಅಡಿಪಾಯದ ಮೇಲೆ ಕಟ್ಟುತ್ತಾನೆ. ಉತ್ತರವನ್ನು ನಾವು ನಮ್ಮ ನೆಲದಿಂದಲೇ ಆರಂಭಿಸೋಣ.

ಕೊಪ್ಪಳದ ಗವಿಮಠದ ಬಂಡೆಯಲ್ಲಿಯೂ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಇರುವ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಇಲ್ಲಿ ಮಾತನಾಡುವ ಅರಸನು 'ದೇವಾನಾಂಪಿಯ', ಎಂದರೆ ದೇವತೆಗಳಿಗೆ ಪ್ರಿಯನಾದವನು. ಅವನ ಸ್ವಂತ ಹೆಸರಿಲ್ಲ. ಇಂಥ ಬಿರುದುಗಳುಳ್ಳ ಶಾಸನಗಳ ಅರಸನು ಅಶೋಕನೆಂದು ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ 1837ರಲ್ಲಿಯೇ ಗುರುತಿಸಿದ್ದರು. ಕಲ್ಲಿನ ಸಾಕ್ಷ್ಯವು ದೊರೆತದ್ದು 1915ರಲ್ಲಿ: ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಲ್ಲಿ ಬಿರುದಿನೊಡನೆ 'ಅಶೋಕ' ಎಂಬ ಹೆಸರೂ ಇತ್ತು. ಗ್ರಂಥಪರಂಪರೆಯು ಕಾಪಾಡಿದ್ದ ಹೆಸರನ್ನು ಬಂಡೆಯು ದೃಢಪಡಿಸಿತು.

ಅದೇ 1915ರಲ್ಲಿ ಬೆದ್ರಿಚ್ ಹ್ರೋಜ್ನಿ ಎಂಬ ವಿದ್ವಾಂಸರು ಹಿತ್ತಿಯರ ಭಾಷೆಯನ್ನು ಓದಿದ ವಿಷಯವನ್ನು ಪ್ರಕಟಿಸಿದರು. ಈಜಿಪ್ಟಿನ ಹಾಗೂ ಬೆಣೆಲಿಪಿಯ ಬರಹಗಳನ್ನು ಓದುವ ಮೊದಲು ಲೋಕಕ್ಕೆ ಹಿತ್ತಿಯರು ಬೈಬಲ್ಲಿನ ಮೂಲಕವೇ ಪರಿಚಿತರು: ಅಬ್ರಹಾಮನಿಗೆ ಸಮಾಧಿಯ ಗವಿಯನ್ನು ಮಾರಿದ ಎಫ್ರೋನ, ದಾವೀದನಿಂದ ಅನ್ಯಾಯವಾಗಿ ಸಾವಿಗೀಡಾದ ಊರೀಯ. ಇಂದಿನ ಟರ್ಕಿಯ ಬೋಗಾಜ್‌ಕೋಯ್‌ನಲ್ಲಿ 1906ರಿಂದ ನಡೆದ ಉತ್ಖನನಗಳು ಹತ್ತುಷಾ ಎಂಬ ಅವರ ರಾಜಧಾನಿಯನ್ನು ತೆರೆದಿಟ್ಟವು. ಆದರೂ ಹೆಬ್ರೋನಿನ ಹಿತ್ತಿಯರು ಈ ಸಾಮ್ರಾಜ್ಯದ ಜನರೇ ಎಂಬ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಇದನ್ನು ಪ್ರಬೋಧನೆಯಲ್ಲಿ ಮರೆಮಾಚಬಾರದು.

ಹಿತ್ತಿಯರ ಮುದ್ರೆಗಳು ವಿಶೇಷವಾಗಿ ಗಮನಾರ್ಹ. ರಾಜಮುದ್ರೆಯ ನಡುವೆ ಚಿತ್ರಲಿಪಿಯಲ್ಲಿ ಅರಸನ ಹೆಸರು, ಸುತ್ತಲಿನ ವಲಯಗಳಲ್ಲಿ ಬೆಣೆಲಿಪಿಯ ಬರಹ. ಕಲ್ಲು ಮೊದಲಾದ ಗಟ್ಟಿ ವಸ್ತುಗಳಲ್ಲಿ ಕೆತ್ತಿದ ಮುದ್ರೆಯನ್ನು ಹಸಿ ಜೇಡಿಮಣ್ಣಿನ ಉಂಡೆಗೆ ಒತ್ತಿ ಪತ್ರವನ್ನು ಭದ್ರಪಡಿಸುತ್ತಿದ್ದರು. ಹತ್ತುಷಾದ ನಿಶಾನ್‌ತೆಪೆಯಲ್ಲಿ 1990-91ರಲ್ಲಿ ಇಂಥ 3,000ಕ್ಕೂ ಹೆಚ್ಚು ಉಂಡೆಗಳು ದೊರೆತವು. ಆದರೆ ಅವು ಭದ್ರಪಡಿಸಿದ್ದ ಪತ್ರಗಳಲ್ಲಿ ಹೆಚ್ಚಿನವು ನಾಶವಾಗಿವೆ. ಮುದ್ರೆ ಉಳಿದಿದೆ, ಮಾತು ಉಳಿದಿಲ್ಲ.

ಪ್ರಾಕ್ತನಶಾಸ್ತ್ರದ ಬೆಲೆಯನ್ನೂ ಮಿತಿಯನ್ನೂ ಇದರಿಂದ ತಿಳಿಯಬಹುದು. ಪತ್ರವು ಯಾರದೆಂಬುದನ್ನು ಮುದ್ರೆಯು ತಿಳಿಸುತ್ತದೆ. ಪತ್ರದ ವಾಗ್ದಾನವನ್ನು ನಂಬುವಂತೆ ಯಾರನ್ನೂ ಒತ್ತಾಯಿಸಲಾರದು. ಮಸ್ಕಿಯ ಬಂಡೆಯನ್ನು ಓದಿ ಅಶೋಕನಿದ್ದನೆಂದು ಒಪ್ಪುವವರೆಲ್ಲರೂ ಅವನ ಧಮ್ಮವನ್ನು ಕೈಕೊಳ್ಳುವುದಿಲ್ಲ. ಹಾಗೆಯೇ ಹಿತ್ತಿಯ ಅರಸರಿದ್ದರೆಂದು ಒಪ್ಪುವುದು ಅಬ್ರಹಾಮನ ದೇವರಲ್ಲಿ ಭರವಸೆಯಿಡುವುದಕ್ಕೆ ಸಮವಲ್ಲ. ಆದರೂ ದೇವರು ಚರಿತ್ರೆಯಲ್ಲಿ ಕ್ರಿಯಾಶೀಲರೆಂದು ನಂಬುವ ನಾವು ಆ ಚರಿತ್ರೆಯ ಕುರುಹುಗಳನ್ನು ಅಲಕ್ಷಿಸಲಾಗದು. ಹಿತ್ತಿಯರ ಸಂಧಿಪತ್ರಗಳನ್ನು ಅರಿತವನಿಗೆ ಸೀನಾಯಿ ಒಡಂಬಡಿಕೆಯ ಭಾಷೆ ಹೆಚ್ಚು ಸ್ಪಷ್ಟವಾಗುತ್ತದೆ.

ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬೆಟ್ಟದಲ್ಲಿ ನೂರಾರು ಬೃಹತ್ ಶಿಲಾಗೋರಿಗಳಿವೆ. ಅವುಗಳನ್ನು ಕಟ್ಟಿದವರ ಹೆಸರಾಗಲಿ ಮುದ್ರೆಯಾಗಲಿ ಇಲ್ಲ; ಆದರೂ ಸತ್ತವರನ್ನು ಮರೆಯಲೊಲ್ಲದ ಮಾನವ ಹೃದಯವನ್ನು ಅವು ಸಾರುತ್ತವೆ. ಸಾರಳನ್ನು ಮಣ್ಣುಮಾಡಲು ಪರದೇಶಿಯಾದ ಅಬ್ರಹಾಮನು 400 ಶೆಕೆಲ್ ಬೆಳ್ಳಿ ತೂಗಿ ಕೊಂಡುಕೊಂಡ ಗವಿಯೂ ಅಂಥದೇ. ವಾಗ್ದತ್ತ ನಾಡಿನಲ್ಲಿ ಅವನು ಬೆಲೆಕೊಟ್ಟು ಪಡೆದದ್ದು ಒಂದು ಸಮಾಧಿಸ್ಥಳ. ಉಳಿದುದನ್ನು ಅವನು ದೇವರ ಮಾತಿನ ಮೇಲೆಯೇ ನಂಬಿದನು.

ಹತ್ತುಷಾದಲ್ಲಿ ಮುದ್ರೆಯುಳಿದು ಪತ್ರವಳಿಯಿತು. ಧರ್ಮಸಭೆಯ ಕೈಯಲ್ಲಿ ಪತ್ರವೇ ಉಳಿದಿದೆ. ಅದರ ಮುದ್ರೆಯನ್ನು ಸಂತ ಪೌಲರು ಎಫೆಸದವರಿಗೆ ಬರೆದಂತೆ ಪವಿತ್ರಾತ್ಮರೇ ವಿಶ್ವಾಸಿಗಳಲ್ಲಿ ಒತ್ತಿದ್ದಾರೆ. ಆದುದರಿಂದ ಯುವಜನರ ಪ್ರಶ್ನೆಗೆ ನಾವು ಕಲ್ಲುಗಳನ್ನು ಗೌರವದಿಂದ ತೋರಿಸೋಣ. ಆದರೆ ಕಲ್ಲು ಹೇಳಲಾರದ್ದನ್ನು ನಮ್ಮ ಬಾಳಿನ ಸಾಕ್ಷ್ಯದಿಂದ ಹೇಳೋಣ.