ಕ್ಷಯದ ಮದ್ದು ಮತ್ತು ಮನೆಯ ಕೋಣೆ

ಕಾರ್ಕಳದ ಕಡೆಯ ಒಂದು ಹಳೆಯ ಮನೆಯನ್ನು ನಾವು ಬಲ್ಲೆವು. ಅದರ ಚಾವಡಿಗೆ ತಾಗಿ ಒಂದು ಸಣ್ಣ ಕೋಣೆ. ಅದರ ಕಿಟಕಿ ಸದಾ ಮುಚ್ಚಿಯೇ ಇರುತ್ತಿತ್ತು. ಮುಂಬಯಿಯ ಹೋಟೆಲಿನಲ್ಲಿ ದುಡಿದು, ಕೆಮ್ಮು ಹತ್ತಿಸಿಕೊಂಡು ಊರಿಗೆ ಮರಳಿದ ಆ ಮನೆಯ ಹುಡುಗನೊಬ್ಬನು ಅದರೊಳಗೆ ಇದ್ದನು. ಅವನ ಬಟ್ಟಲು ಬೇರೆ, ಚಾಪೆ ಬೇರೆ. ಬಂದವರು ವಿಚಾರಿಸಿದರೆ "ಸ್ವಲ್ಪ ಉಷ್ಣವಾಗಿದೆ" ಎಂಬ ಉತ್ತರ. ಮದುವೆಯ ಪ್ರಾಯದ ತಂಗಿಯರಿಬ್ಬರು ಮನೆಯಲ್ಲಿದ್ದರಷ್ಟೆ. ರೋಗದ ಹೆಸರು ಯಾರ ಬಾಯಿಂದಲೂ ಹೊರಡದು. ಮದ್ದು ಆಗಲೇ ದೊರೆಯುತ್ತಿತ್ತು, ಅವನು ಸೇವಿಸಿದ್ದೂ ಉಂಟು. ಎರಡು ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿತು, ಗುಳಿಗೆಯನ್ನು ಬಿಟ್ಟನು. ಮರುವರ್ಷದ ಮಳೆಗಾಲದಲ್ಲಿ ರೋಗವು ತಿರುಗಿ ಬಂದಾಗ ಮೊದಲಿನ ಮದ್ದು ನಾಟಲಿಲ್ಲ.

ಗುಣವಾದಂತೆ ತೋರಿದ ಮೇಲೂ ತಿಂಗಳುಗಟ್ಟಲೆ ಗುಳಿಗೆ ನುಂಗಬೇಕೆಂಬುದು ವೈದ್ಯರ ಹಟವಲ್ಲ. ಅದರ ಹಿಂದೆ ಬಹು ದುಬಾರಿಯಾದ ಅನುಭವವುಂಟು. ಕ್ಷಯದ ಮೊದಲನೆಯ ನಿಜವಾದ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕೆಯಲ್ಲಿ ದೊರೆಯಿತು. ಅಲ್ಲಿಯವರೆಗೆ ಶುದ್ಧವಾದ ಗಾಳಿ, ಪುಷ್ಟಿಯಾದ ಆಹಾರ, ವಿಶ್ರಾಂತಿ, ಇವೇ ಮುಖ್ಯ ಚಿಕಿತ್ಸೆ. ಇಂಗ್ಲೆಂಡಿನ ವೈದ್ಯರ ಕೈಗೆ ಈ ಮದ್ದು ಸ್ವಲ್ಪವೇ ಬಂದುದರಿಂದ, ಯಾರಿಗೆ ಕೊಡಬೇಕೆಂಬುದನ್ನು ಚೀಟಿ ಎತ್ತಿದಂತೆ ನಿಶ್ಚಯಿಸಿ, 55 ಮಂದಿಗೆ ಮದ್ದನ್ನೂ 52 ಮಂದಿಗೆ ವಿಶ್ರಾಂತಿಯನ್ನು ಮಾತ್ರವೂ ಕೊಟ್ಟು ನೋಡಿದರು. ಫಲವು 1948ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಮದ್ದು ಪಡೆದವರಲ್ಲಿ 4 ಮಂದಿಯೂ ಪಡೆಯದವರಲ್ಲಿ 14 ಮಂದಿಯೂ ತೀರಿಕೊಂಡಿದ್ದರು. ಜಗತ್ತು ಹಿಗ್ಗಿತು. ಆದರೆ ಐದು ವರ್ಷ ಕಳೆಯುವಷ್ಟರಲ್ಲಿ ಎರಡು ಗುಂಪುಗಳ ಸಾವಿನ ಅಂತರವು ಬಹಳ ಕುಗ್ಗಿಹೋಯಿತು!

ಹೀಗೇಕಾಯಿತೆಂದರೆ, ರೋಗಿಯ ಎದೆಯಲ್ಲಿರುವ ಕೋಟ್ಯಂತರ ಕ್ರಿಮಿಗಳಲ್ಲಿ ಒಂದು ಮದ್ದಿಗೆ ಬಗ್ಗದವು ಕೆಲವಾದರೂ ಇದ್ದೇ ಇರುತ್ತವೆ. ಉಳಿದವು ಸತ್ತೊಡನೆ, ಕೊಯ್ಲಾದ ಗದ್ದೆಯಲ್ಲಿ ಕಳೆ ಹಬ್ಬುವಂತೆ, ಇವು ಹಬ್ಬುತ್ತವೆ. ಆದುದರಿಂದಲೇ ಒಂದಕ್ಕೆ ಬಗ್ಗದುದು ಮತ್ತೊಂದಕ್ಕೆ ಬಗ್ಗಲೆಂದು ಎರಡು ಮೂರು ಮದ್ದುಗಳನ್ನು ಕೂಡಿಸಿ ಕೊಡುವ ಪದ್ಧತಿ ಬಂದಿತು. 1952ರಲ್ಲಿ ಐಸೋನಿಯಾಜಿಡ್ ಎಂಬ ಅಗ್ಗದ ಗುಳಿಗೆಯೂ ಸೇರಿತು.

ಮುಂದಿನ ಮಾತು ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಪಟ್ಟುದು. ಉಡುಪಿ, ಕಾರ್ಕಳಗಳು 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತಕ್ಕೇ ಒಳಪಟ್ಟಿದ್ದವು. ಅದೇ ವರ್ಷ ಮದ್ರಾಸಿನಲ್ಲಿ ಆರಂಭವಾದ ಕ್ಷಯ ಸಂಶೋಧನಾ ಕೇಂದ್ರವು 193 ಮಂದಿ ಬಡ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಆರೋಗ್ಯಧಾಮದಲ್ಲಿಯೂ ಮತ್ತೊಂದನ್ನು ಅವರವರ ಮನೆಗಳಲ್ಲಿಯೂ ಇರಿಸಿ ಒಂದು ವರ್ಷ ಒಂದೇ ಮದ್ದನ್ನು ಕೊಟ್ಟಿತು. ಮನೆಯಲ್ಲಿದ್ದವರ ವಾಸ ಇಕ್ಕಟ್ಟು, ಊಟ ಕಡಿಮೆ, ದುಡಿಮೆ ಹೆಚ್ಚು. ಆದರೂ ಎರಡು ಪಾಲಿನವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣಹೊಂದಿದರು. ಐದು ವರ್ಷ ಕಾದು ನೋಡಿದರೂ ಮನೆಯಲ್ಲಿದ್ದ ರೋಗಿಗಳಿಂದ ಮನೆಯವರಿಗೆ ಹೆಚ್ಚಿನ ಅಪಾಯ ತಟ್ಟಲಿಲ್ಲ. ಅಂಟುವುದೆಲ್ಲ ಬಹುಮಟ್ಟಿಗೆ ಮದ್ದು ಹಿಡಿಯುವ ಮುಂಚೆಯೇ. ಹಿಡಿದ ಮೇಲೆ ಅಂಟುವ ಶಕ್ತಿ ಬೇಗನೆ ಇಳಿಯುತ್ತದೆ. ಅಂಟುವುದಾದರೂ ಗಾಳಿಯಿಂದಲೇ ಹೊರತು ಬಟ್ಟಲಿನಿಂದಲ್ಲ. ಕಾರ್ಕಳದ ಆ ಮನೆಯವರು ಬಟ್ಟಲನ್ನು ಬೇರೆ ಮಾಡಿ ಕಿಟಕಿಯನ್ನು ಮುಚ್ಚಿದ್ದರು. ಮಾಡಬೇಕಾದುದಕ್ಕೆ ಇದು ಸರಿಯಾಗಿ ತಿರುಗುಮುರುಗು.

ಮದ್ರಾಸಿನವರು ಮತ್ತೊಂದನ್ನೂ ಕಂಡುಕೊಂಡರು: ಮನೆಗೆ ಒಯ್ದ ಗುಳಿಗೆಗಳೆಲ್ಲ ಹೊಟ್ಟೆಗೆ ಹೋಗುವುದಿಲ್ಲ. ಮುನ್ಸೂಚನೆ ಕೊಡದೆ ಮನೆಗೆ ಹೋಗಿ ಗುಳಿಗೆ ಎಣಿಸಿಯೂ, ಮೂತ್ರ ಪರೀಕ್ಷಿಸಿಯೂ ಇದನ್ನು ತಿಳಿದರು. ಎದುರಿಗೇ ನುಂಗಿಸುವ ಕ್ರಮಕ್ಕೆ ಇದೇ ಬೀಜ.

ಮುಂದೆ ರಿಫಾಂಪಿಸಿನ್ ಬಂದ ಮೇಲೆ ಚಿಕಿತ್ಸೆಯ ಅವಧಿ ಆರು ತಿಂಗಳಿಗೆ ಇಳಿಯಿತು. ಮೊದಲ ಎರಡು ತಿಂಗಳು ನಾಲ್ಕು ಮದ್ದು, ಉಳಿದ ನಾಲ್ಕು ತಿಂಗಳು ಮೂರು. ತೂಕ ನೋಡಿ ದಿನವೂ ಕೊಡತಕ್ಕುದು. ಬೇಗ ಬೆಳೆಯುವ ಕ್ರಿಮಿಗಳು ಮೊದಲು ಸಾಯುತ್ತವೆ, ಕೆಮ್ಮು ನಿಲ್ಲುತ್ತದೆ. ನಿದ್ರೆಯಲ್ಲಿರುವವುಗಳಿಗಾಗಿಯೇ ಉಳಿದ ತಿಂಗಳುಗಳು. ಬಿಟ್ಟು ಬಿಟ್ಟು ಸೇವಿಸಿ ಮದ್ದಿಗೆ ಬಗ್ಗದ ರೋಗವನ್ನು ತಂದುಕೊಂಡವರಿಗೆ ಹಿಂದೆ ಎರಡು ವರ್ಷದವರೆಗೂ ಸೂಜಿಮದ್ದಿನ ಕಷ್ಟವಿತ್ತು. ಈಗ ಬೆಡಾಕ್ವಿಲಿನ್ ಮೊದಲಾದ ಹೊಸ ಗುಳಿಗೆಗಳ ಆರು ತಿಂಗಳ ಕ್ರಮಕ್ಕೆ 2024ರಲ್ಲಿ ಕೇಂದ್ರ ಸರಕಾರವು ಒಪ್ಪಿಗೆಯಿತ್ತಿದೆ. ಅದು ಸುಲಭವೆಂದು ಯಾರೂ ಭಾವಿಸಬಾರದು. ನರಕ್ಕೂ ರಕ್ತಕ್ಕೂ ಬಾಧೆಯಾಗುವುದುಂಟು.

ಆಹಾರದ ಮಾತೂ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವರು ಜಾರ್ಖಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರೋಗಿಯ ಮನೆಯವರಿಗೆ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ ಸುಮಾರು 39ರಷ್ಟು ಕಡಿಮೆಯಾಯಿತು. ಮದ್ದಿನ ಖರ್ಚಿನೆದುರು ಅಕ್ಕಿ ಬೇಳೆಯ ಖರ್ಚು ಎಷ್ಟರದು? ರೋಗಿಯ ಆಹಾರಕ್ಕೆಂದು ಸರಕಾರವು ಕೊಡುವ ಸಹಾಯಧನವು 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ.

ಎರಡು ವಾರ ಮೀರಿ ಕೆಮ್ಮಿದ್ದವರು ಕಫವನ್ನು ಪರೀಕ್ಷಿಸಿಕೊಳ್ಳಬೇಕು. ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗಾಗಲಿ, ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕಾಗಲಿ ಹೋದರೆ ಪರೀಕ್ಷೆಗೂ ಮದ್ದಿಗೂ ಹಣವಿಲ್ಲ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಸ್ಥಾಪಿಸಿದ ವೈದ್ಯಕೀಯ ಕಾಲೇಜು ಮಣಿಪಾಲದಲ್ಲಿರುವುದರಿಂದ ತಜ್ಞರಿಗೂ ನಮ್ಮಲ್ಲಿ ಕೊರತೆಯಿಲ್ಲ. ಕಾಪುವಿನ ಮೀನುಗಾರನು ದೋಣಿ ಹತ್ತಿ ಹಲವು ದಿನ ಕಡಲಿನಲ್ಲಿ ಕಳೆಯುವವನಾದರೆ, ಅಷ್ಟು ದಿನದ ಗುಳಿಗೆಯನ್ನು ಮೊದಲೇ ಕೇಳಿ ಪಡೆಯಲಿ. ಮನೆಯ ಮಕ್ಕಳನ್ನೂ ಹಿರಿಯರನ್ನೂ ವೈದ್ಯರಿಗೆ ತೋರಿಸಬೇಕು; ರೋಗವಿಲ್ಲದವರಿಗೆ ಮುಂಜಾಗ್ರತೆಯ ಮದ್ದನ್ನು ಕೊಡುವುದುಂಟು. ರಿಫಾಂಪಿಸಿನ್ನಿಂದ ಮೂತ್ರವು ಕೆಂಪಡರಿದರೆ ಗಾಬರಿ ಬೇಡ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಮಾತ್ರ ಅಂದೇ ವೈದ್ಯರ ಬಳಿಗೆ ಹೋಗಬೇಕು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬದಲಿಸಬೇಕು ಎಂಬುದನ್ನು ಅವರೇ ಹೇಳುವರು.