ಮರ್ದಾನಾನ ರಬಾಬ್

ಗೆಳೆಯನಿಗೊಂದು ವಾದ್ಯ ಕೊಡಿಸಬೇಕು, ದುಡ್ಡು ಬೇಕು ಎಂದು ತಮ್ಮ ಅಕ್ಕನನ್ನು ಕೇಳಿದ. ಅಕ್ಕ ಮರುಮಾತಿಲ್ಲದೆ ಕೊಟ್ಟಳು. ಪಂಜಾಬಿನ ಸುಲ್ತಾನ್‌ಪುರ ಲೋಧಿಯಲ್ಲಿ ಹದಿನೈದನೆಯ ಶತಮಾನದ ಕೊನೆಗೆ ನಡೆದ ಈ ಪುಟ್ಟ ಪ್ರಸಂಗವನ್ನು ಸಿಖ್ಖರು ಇಂದಿಗೂ ಪ್ರೀತಿಯಿಂದ ಹೇಳುತ್ತಾರೆ. ತಮ್ಮ ಎಂದರೆ ಗುರು ನಾನಕರು, ಅಕ್ಕ ಬೇಬೆ ನಾನಕಿ, ಗೆಳೆಯ ಮರ್ದಾನಾ. ಕೊಳ್ಳಬೇಕಿದ್ದ ವಾದ್ಯ ರಬಾಬ್. ಭರೋಆಣಾ ಎಂಬ ಹಳ್ಳಿಯ ಫಿರಂದಾ ಅದನ್ನು ಒದಗಿಸಿದನಂತೆ. ಯಾರ ಹಾಡಿಗೆ ಎಂದು ತಿಳಿದ ಮೇಲೆ ಅವನು ದುಡ್ಡು ಮುಟ್ಟಲಿಲ್ಲ ಎನ್ನುವವರೂ ಇದ್ದಾರೆ.

ಮರದ ಒಡಲಿಗೆ ತೊಗಲು ಹೊದಿಸಿ, ಕರುಳಿನ ತಂತಿ ಬಿಗಿದು ಮಾಡುತ್ತಿದ್ದ ವಾದ್ಯ ಅದು. ಸಿಖ್ ಕೀರ್ತನೆಯ ಚರಿತ್ರೆ ಶುರುವಾಗುವುದು ಆ ತಂತಿಯಿಂದ. ಒಂದು ಧರ್ಮದ ಹಾಡುಗಾರಿಕೆಯ ಬೇರು ಇಬ್ಬರು ಹುಡುಗರ ಸ್ನೇಹದಲ್ಲಿದೆ ಎಂಬುದು ನನಗೆ ಎಷ್ಟು ಓದಿದರೂ ತಣಿಯದ ಸಂಗತಿ.

ಇಬ್ಬರ ಊರೂ ತಲವಂಡಿ. ಈಗ ಪಾಕಿಸ್ತಾನದಲ್ಲಿರುವ ಆ ಊರಿಗೆ ನಾನಕರ ಹೆಸರೇ ಬಂದು ನಂಕಾನಾ ಸಾಹಿಬ್ ಆಗಿದೆ. ನಾನಕರು ಹುಟ್ಟಿದ್ದು 1469ರಲ್ಲಿ. ತಂದೆ ಮೆಹ್ತಾ ಕಾಲೂ ಊರಿನ ಪಟವಾರಿ, ಲೆಕ್ಕಪತ್ರ ನೋಡುವ ಖತ್ರಿ ಮನೆತನದವರು. ಮರ್ದಾನಾ ಹತ್ತು ವರ್ಷ ದೊಡ್ಡವನು, ಮುಸ್ಲಿಂ, ಜಾತಿಯಲ್ಲಿ ಮಿರಾಸಿ. ನಮ್ಮ ಹೆಳವರ ಹಾಗೆ ಮನೆತನಗಳ ವಂಶಾವಳಿ ಹೇಳುತ್ತ, ಮದುವೆ ಮುಂಜಿಗಳಲ್ಲಿ ಹಾಡಿ ಕಾಣಿಕೆ ಪಡೆದು ಬದುಕುವ ಜನ. ಅಂಥವರ ಹಾಡು ಎಲ್ಲರಿಗೂ ಬೇಕು, ಪಕ್ಕದಲ್ಲಿ ಕೂರುವುದು ಮಾತ್ರ ಬೇಡ. ಪಟವಾರಿಯ ಮಗ ಪಕ್ಕದಲ್ಲೇ ಕೂತ.

ಮುಂದೆ ನಾನಕರು ಅಕ್ಕ ಭಾವ ಇದ್ದ ಸುಲ್ತಾನ್‌ಪುರಕ್ಕೆ ಹೋಗಿ ಅಲ್ಲಿನ ಆಡಳಿತಗಾರ ದೌಲತ್ ಖಾನ್ ಲೋಧಿಯ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಮಗ ಏನು ಮಾಡುತ್ತಿದ್ದಾನೆ ನೋಡಿಕೊಂಡು ಬಾ ಎಂದು ಮೆಹ್ತಾ ಕಾಲೂ ಮರ್ದಾನಾನನ್ನು ಕಳಿಸಿದರಂತೆ. ನೋಡಲು ಹೋದವನು ಅಲ್ಲೇ ಉಳಿದ. 1499ರ ಹೊತ್ತಿಗೆ ನಾನಕರು ಕೆಲಸ ಬಿಟ್ಟು ದೇಶ ತಿರುಗಲು ಹೊರಟಾಗ ಜೊತೆಗೆ ನಡೆದವನೂ ಅವನೇ.

ಎಲ್ಲಿಂದ ಎಲ್ಲಿಗೆ, ಯಾವ ವರ್ಷ ಎಂಬ ಲೆಕ್ಕಕ್ಕಿಂತ ನನ್ನನ್ನು ಹಿಡಿದಿಡುವುದು ನಾನಕರ ಜೀವನಕಥೆಗಳಾದ ಜನಮಸಾಖಿಗಳು ಮರ್ದಾನಾನನ್ನು ಚಿತ್ರಿಸಿದ ಬಗೆ. ಭಕ್ತರು ಬರೆದ ಕಥೆಗಳಲ್ಲಿ ಶಿಷ್ಯನೆಂದರೆ ಸಾಮಾನ್ಯವಾಗಿ ಕೈಮುಗಿದು ನಿಂತವನು. ಮರ್ದಾನಾ ಹಾಗಲ್ಲ. ಅವನಿಗೆ ಹಸಿವಾಗುತ್ತದೆ, ಬಾಯಾರುತ್ತದೆ, ಕಾಡೆಂದರೆ ಭಯವಾಗುತ್ತದೆ, ಹೆಂಡತಿ ಮಕ್ಕಳ ನೆನಪಾಗಿ ಊರಿಗೆ ಹೋಗೋಣ ಎನಿಸುತ್ತದೆ. ಅದನ್ನೆಲ್ಲ ಅವನು ಬಾಯಿಬಿಟ್ಟು ಹೇಳುತ್ತಾನೆ, ಸಿಟ್ಟಾಗುತ್ತಾನೆ, ಇನ್ನು ಒಂದು ಹೆಜ್ಜೆ ಇಡಲಾರೆ ಎಂದು ಕೂತುಬಿಡುತ್ತಾನೆ. ಗುರುವಿನ ಮುಂದೆ ಅಷ್ಟು ಸಲುಗೆಯಿಂದ ಗೊಣಗಲು ಬಾಲ್ಯದ ಗೆಳೆಯನಿಗೆ ಮಾತ್ರ ಸಾಧ್ಯ.

ಹಸನ್ ಅಬ್ದಾಲ್‌ನಲ್ಲಿ ನೀರಿಗಾಗಿ ಅವನು ಮೂರು ಸಲ ಗುಡ್ಡ ಹತ್ತಿ ಇಳಿದ. ಮೇಲಿದ್ದ ಫಕೀರ ವಲಿ ಕಂಧಾರಿ ಹನಿ ನೀರು ಕೊಡಲಿಲ್ಲ. ಆಗ ನಾನಕರು ಬುಡದಲ್ಲೇ ಒಂದು ಕಲ್ಲು ಎತ್ತಿದರು, ಒರತೆ ಚಿಮ್ಮಿತು ಎನ್ನುತ್ತದೆ ಕಥೆ. ಅದೇ ಇಂದಿನ ಪಂಜಾ ಸಾಹಿಬ್. ಇಂಥದೇ ಒಂದು ಒರತೆ ನಮ್ಮ ಬೀದರಿನಲ್ಲಿದೆ. ದಕ್ಷಿಣದ ಯಾತ್ರೆಯಲ್ಲಿ ನಾನಕರೂ ಮರ್ದಾನಾನೂ ಊರ ಹೊರಗೆ, ಫಕೀರರ ಗುಡಿಸಲುಗಳ ಬಳಿ ತಂಗಿದ್ದರು. ಕುಡಿಯಲು ಸಿಹಿನೀರಿಲ್ಲ ಎಂದು ಜನ ಹೇಳಿಕೊಂಡಾಗ ನಾನಕರು ಕಾಲಿನಿಂದ ಕಲ್ಲು ಸರಿಸಿದರು ಎಂಬುದು ಸ್ಥಳದ ಐತಿಹ್ಯ. ಆ ಜಾಗವೇ ನಾನಕ್ ಝೀರಾ; ಅಲ್ಲಿನ ಜಂಬಿಟ್ಟಿಗೆ ಕಲ್ಲಿನ ಸಂದಿನಿಂದ ನೀರು ಈಗಲೂ ಜಿನುಗುತ್ತದೆ.

ದಾರಿಯುದ್ದಕ್ಕೂ ನಾನಕರ ಬಾಯಿಗೆ ಹಾಡು ಬಂದಾಗಲೆಲ್ಲ ಮರ್ದಾನಾನ ಕೈ ರಬಾಬಿಗೆ ಹೋಗುತ್ತಿತ್ತು. ಗುರು ಗ್ರಂಥ ಸಾಹಿಬ್‌ನಲ್ಲಿ ನಾನಕರ 974 ರಚನೆಗಳು 19 ರಾಗಗಳಲ್ಲಿ ಹರಡಿಕೊಂಡಿವೆ. ರಾಗವನ್ನು ತಲೆಬರಹವಾಗಿ ಹೊತ್ತು ನಿಂತ ಈ ಗ್ರಂಥದ ಹಿಂದೆ ಒಬ್ಬ ಮಿರಾಸಿಯ ಸಂಗೀತಜ್ಞಾನವಿದೆ. ಬಿಹಾಗಡಾ ರಾಗದ ಭಾಗದಲ್ಲಿ, 553ನೇ ಪುಟದಲ್ಲಿ, ಮರ್ದಾನಾನ ಹೆಸರು ಹೊತ್ತ ಮೂರು ಶ್ಲೋಕಗಳೂ ಇವೆ. ಅವುಗಳ ವಸ್ತು ಹೆಂಡ ಮತ್ತು ಅಮಲು. ಊರೂರಿನ ಮದುವೆಮನೆಗಳಲ್ಲಿ ಹಾಡಿದ ಕುಲದವನ ಹೆಸರಿಗೆ ಆ ವಸ್ತು ಒಪ್ಪುತ್ತದೆ.

ಮರ್ದಾನಾ ತೀರಿಕೊಂಡದ್ದು ರಾವಿ ದಂಡೆಯ ಕರ್ತಾರ್‌ಪುರದಲ್ಲಿ, 1534ರಲ್ಲಿ ಎಂಬ ನಂಬಿಕೆಯಿದೆ. ಮಗ ಶಹಜಾದಾ ರಬಾಬ್ ಎತ್ತಿಕೊಂಡ. ಗುರುಗಳ ಮುಂದೆ ಹಾಡುವ ಮುಸ್ಲಿಂ ಗಾಯಕರ ಒಂದು ಪರಂಪರೆಯೇ ಬೆಳೆಯಿತು. ಅವರಿಗೆ ರಬಾಬಿಗಳೆಂದೇ ಹೆಸರಾಯಿತು.

ಈ ಪರಂಪರೆಯಲ್ಲೊಂದು ಜಗಳವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಐದನೆಯ ಗುರು ಅರ್ಜನರ ಕಾಲದಲ್ಲಿ ಸತ್ತಾ ಮತ್ತು ಬಲವಂಡ ಎಂಬ ರಬಾಬಿಗಳಿದ್ದರು. ಮನೆಯ ಮದುವೆಗೆ ಬಂದ ಕಾಣಿಕೆ ಸಾಲದೆ ಅವರು ಮುನಿಸಿಕೊಂಡರು. ನಮ್ಮ ಹಾಡಿಲ್ಲದೆ ಗುರುವಿನ ಸಭೆಗೆ ಯಾರು ಬರುತ್ತಾರೆ ಎಂದೂ ಅಂದರು. ಗುರು ತಾವೇ ಹಾಡಲು ಕೂತರು, ಸಿಖ್ಖರಿಗೂ ಹಾಡಲು ಹೇಳಿದರು. ಮಾತು ಮೀರಿದ ಇಬ್ಬರೂ ಬೀದಿಗೆ ಬಿದ್ದರು. ಕೊನೆಗೆ ಲಾಹೋರಿನ ಭಾಯಿ ಲದ್ಧಾ ನಡುವೆ ನಿಂತು ಅವರ ಪರವಾಗಿ ಬೇಡಿದ ಮೇಲೆ ಕ್ಷಮೆ ಸಿಕ್ಕಿತು. ಹೀಗೆ ಮರಳಿದ ಆ ಇಬ್ಬರ ರಚನೆ ಇಂದು ಗುರು ಗ್ರಂಥ ಸಾಹಿಬ್‌ನ ಒಳಗೇ ಇದೆ, ರಾಮಕಲಿ ರಾಗದಲ್ಲಿ. ಬೈದು ಹೋದವರಿಗೂ ಬಾಗಿಲು ತೆರೆದ ಪರಂಪರೆ ಅದು.

ಬಾಗಿಲು ಮುಚ್ಚಿದ್ದು ಇಪ್ಪತ್ತನೆಯ ಶತಮಾನ. 1945ರಲ್ಲಿ ಅಂಗೀಕಾರವಾದ ಸಿಖ್ಖರ ನಡವಳಿಕೆಯ ಸಂಹಿತೆ, ಸಿಖ್ ರೆಹತ್ ಮರ್ಯಾದಾ, ಸಂಗತ್‌ನಲ್ಲಿ ಅಂದರೆ ಭಕ್ತರ ಸಭೆಯಲ್ಲಿ ಕೀರ್ತನೆ ಹಾಡುವ ಹಕ್ಕು ಸಿಖ್ಖರಿಗೆ ಮಾತ್ರ ಎಂದು ನಿಯಮ ಮಾಡಿತು. ಎರಡು ವರ್ಷಕ್ಕೆ ದೇಶ ಇಬ್ಭಾಗವಾಯಿತು. ಅಮೃತಸರದ ಹರಿಮಂದಿರದಲ್ಲಿ ಹಾಡುತ್ತಿದ್ದ ರಬಾಬಿಗಳು ಮುಸ್ಲಿಮರಾದ್ದರಿಂದ ಗಡಿ ದಾಟಿದರು. ಅಲ್ಲಿ ಕೇಳುವ ಸಿಖ್ಖರಿರಲಿಲ್ಲ, ಇಲ್ಲಿ ಹಾಡಲು ಅವರಿಗೆ ಜಾಗವಿರಲಿಲ್ಲ. ತಲೆತಲಾಂತರದಿಂದ ಬಾಯಿಪಾಠವಾಗಿ ಬಂದ ಹಳೆಯ ಧಾಟಿಗಳು ಲಾಹೋರಿನ ಓಣಿಗಳಲ್ಲಿ ಮುದುಕರ ಜೊತೆ ಒಂದೊಂದಾಗಿ ಮುಗಿದವು. ಇದನ್ನು ನೆನೆದರೆ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ.

ಈಚೆಗೆ ಒಂದು ಒಳ್ಳೆಯ ಬೆಳವಣಿಗೆಯಾಗಿದೆ. ಹರಿಮಂದಿರದ ಕೀರ್ತನೆಯಲ್ಲಿ ಹಾರ್ಮೋನಿಯಂ ಬಿಟ್ಟು ಮೂರು ವರ್ಷದೊಳಗೆ ತಂತಿವಾದ್ಯಗಳಿಗೆ ಮರಳಬೇಕು ಎಂದು 2022ರಲ್ಲಿ ಸಿಖ್ಖರ ಪರಮೋಚ್ಚ ಪೀಠ ಅಕಾಲ್ ತಖ್ತ್‌ನ ಮುಖ್ಯಸ್ಥರಾದ ಜಥೇದಾರರು ಸೂಚಿಸಿದರು. ರಬಾಬ್ ಕಲಿಯುವ ಎಳೆಯರೂ ಈಗ ಕಾಣುತ್ತಿದ್ದಾರೆ. ಸಂತೋಷದ ಮಾತೇ. ಆದರೆ ನಾನಕರು ಅಕ್ಕನ ಹತ್ತಿರ ದುಡ್ಡು ಕೇಳಿದ್ದು ರಬಾಬಿನ ಮೇಲಿನ ಆಸೆಗಲ್ಲ, ಮರ್ದಾನಾನ ಕೈಗೆ ಅದನ್ನು ಕೊಡುವುದಕ್ಕೆ. ವಾದ್ಯವೊಂದೇ ಮರಳಿದರೆ ಅರ್ಧ ಕೆಲಸ. ಆ ಮನೆತನಗಳಲ್ಲಿ ಹಾಡಬಲ್ಲವರು ಇನ್ನೂ ಉಳಿದಿದ್ದರೆ ಅವರನ್ನೂ ಕರೆದು ಕೂರಿಸಬೇಕು.