ಪತ್ರಿಕೋದ್ಯಮ ಪದವಿಗೆ ಅರ್ಜಿ: ಗುಡಗೇರಿಯ ಮನೆಗಳಿಗೆ ಒಂದಿಷ್ಟು ತಿಳಿವಳಿಕೆ



ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ತೆರನಾದದ್ದು. ಮಗಳು ನರ್ಸಿಂಗ್‌ಗೆ, ಮಗ ಐ.ಟಿ.ಐ.ಗೆ, ಅಂಕ ಸ್ವಲ್ಪ ಹೆಚ್ಚಿದ್ದರೆ ಬಿ.ಕಾಂ.ಗೆ. ಇದರ ನಡುವೆ ಮಗಳೊಬ್ಬಳು "ನಾನು ಪತ್ರಕರ್ತೆ ಆಗ್ತೀನಿ" ಎಂದುಬಿಟ್ಟರೆ ಮನೆ ಒಂದು ಗಳಿಗೆ ಸುಮ್ಮನಾಗುತ್ತದೆ. ಬೇಡವೆನ್ನಲು ಕಾರಣ ಗೊತ್ತಿಲ್ಲ, ಹೂಂ ಎನ್ನಲು ದಾರಿ ಗೊತ್ತಿಲ್ಲ. ಕುಂದಗೋಳ ತಾಲೂಕಿನ ಗುಡಗೇರಿಯಂಥ ಊರಿನಿಂದ ಈ ಓದಿಗೆ ಅರ್ಜಿ ಹಾಕುವವರು ಏನೇನು ತಿಳಿದಿರಬೇಕು ಎಂಬುದನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡೋಣ. ಪತ್ರಿಕೋದ್ಯಮದ ಪದವಿ ಎಂದೊಡನೆ ಮೂರು ವರ್ಷ ಬರೀ ಪತ್ರಿಕೆ, ಟಿ.ವಿ., ಕ್ಯಾಮರಾ ಎಂದು ಮಕ್ಕಳು ಕಲ್ಪಿಸಿಕೊಳ್ಳುತ್ತಾರೆ. ನಮಗೆ ಹತ್ತಿರದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಅದು ಸಾಮಾನ್ಯವಾಗಿ ಬಿ.ಎ. ಪದವಿಯೊಳಗಿನ ಒಂದು ವಿಷಯ. ಧಾರವಾಡದಲ್ಲಿ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನ ಕಲಾ ವಿಭಾಗ, ಅಂದರೆ ಈಗಿನ ಕರ್ನಾಟಕ ಕಲಾ ಮಹಾವಿದ್ಯಾಲಯದಲ್ಲಿ, ಪತ್ರಿಕೋದ್ಯಮವನ್ನು ಇನ್ನೆರಡು ವಿಷಯಗಳ ಜೊತೆಗೆ ಓದಬಹುದು. ಪಿ.ಯು.ಸಿ.ಯಲ್ಲಿ ಕಲೆಯೇ ಓದಿರಬೇಕೆಂಬ ನಿಯಮ ಬಿ.ಎ.ಗೆ ಇಲ್ಲ. ವಾಣಿಜ್ಯ, ವಿಜ್ಞಾನ ಓದಿದವರೂ ಬರಬಹುದು.

ಅವಧಿಯ ವಿಚಾರದಲ್ಲೂ ಗೊಂದಲವಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿ ಬಂದಿತ್ತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅಕ್ಕನ ಕಾಲದ ಮಾಹಿತಿಪುಸ್ತಕ ನೋಡಿ ತಮ್ಮನ ಅರ್ಜಿ ತುಂಬುವುದು ಬೇಡ.

ಹಾಗಾದರೆ ನಿಜವಾದ ತೀರ್ಮಾನ ಯಾವುದು? ಪತ್ರಿಕೋದ್ಯಮದ ಜೊತೆಗೆ ಬರುವ ಆ ಎರಡು ವಿಷಯಗಳು. ಅರ್ಜಿಯಲ್ಲಿ ಅದು ಒಂದೇ ಸಾಲು. ಸೈಬರ್ ಅಂಗಡಿಯವರು "ಯಾವುದು ಹಾಕ್ಲಿ?" ಎಂದು ಕೇಳಿದಾಗ "ಯಾವುದಾದರೂ ಸುಲಭದ್ದು ಹಾಕ್ರಿ" ಎಂದುಬಿಡುತ್ತೇವೆ. ಮೂರು ವರ್ಷದ ಓದು ಅಲ್ಲಿಯೇ ತೀರ್ಮಾನವಾಗಿ ಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ನಮ್ಮ ಎರೆ ಭೂಮಿಯಲ್ಲಿ ಮೆಣಸಿನಕಾಯಿ, ಹತ್ತಿ, ಕಡಲೆ ಕೈಕೊಟ್ಟ ವರ್ಷ ಒಂದು ಊರಿಗೆ ಬೆಳೆ ವಿಮೆ ಬರುತ್ತದೆ, ಪಕ್ಕದ ಊರಿಗೆ ಬರುವುದಿಲ್ಲ. ಯಾಕೆ? 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರ ಬಹುಪಾಲು ನಿರ್ಧಾರವಾಗುವುದು ಒಬ್ಬೊಬ್ಬ ರೈತನ ಹೊಲ ನೋಡಿ ಅಲ್ಲ. ಗ್ರಾಮ ಪಂಚಾಯಿತಿ ಅಥವಾ ಹೋಬಳಿಯನ್ನು ಒಂದು ಘಟಕವಾಗಿ ಹಿಡಿದು, ಬೆಳೆ ಕಟಾವು ಪ್ರಯೋಗದಿಂದ ಬಂದ ಸರಾಸರಿ ಇಳುವರಿ ನಿಗದಿತ ಮಟ್ಟಕ್ಕಿಂತ ಕಡಿಮೆಯಾಗಿದೆಯೇ ಎಂದು ನೋಡುತ್ತಾರೆ. ಸರಾಸರಿ ಚೆನ್ನಾಗಿದ್ದರೆ ನಿಮ್ಮ ಹೊಲ ಬತ್ತಿದ್ದರೂ ಹಣವಿಲ್ಲ. ಇದನ್ನು ಅರಿತ ವರದಿಗಾರ ಕಟಾವು ಪ್ರಯೋಗ ಯಾವ ಹೊಲದಲ್ಲಿ, ಯಾವ ದಿನ ನಡೆಯಿತು ಎಂದು ಕೇಳುತ್ತಾನೆ. ಅರಿಯದವನು "ರೈತರ ಆಕ್ರೋಶ" ಎಂದು ತಲೆಬರಹ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಇಂಥ ಪ್ರಶ್ನೆ ಕೇಳಲು ಅರ್ಥಶಾಸ್ತ್ರ ಬೇಕು, ರಾಜ್ಯಶಾಸ್ತ್ರ ಬೇಕು. ಕಾಲೇಜಿನಲ್ಲಿ ಆ ಜೋಡಣೆ ಇದ್ದರೆ ಅದನ್ನೇ ಹಿಡಿಯಿರಿ ಎಂಬುದು ನಮ್ಮ ಅಭಿಪ್ರಾಯ. ಐಚ್ಛಿಕ ಕನ್ನಡ ಅಥವಾ ಇಂಗ್ಲಿಷ್ ತೆಗೆದುಕೊಳ್ಳುವವರನ್ನು ತಪ್ಪೆನ್ನಲಾಗದು. ಆದರೆ ಮೂರೂ ಸುಲಭವೆಂದು ಆರಿಸಿದ ವಿಷಯಗಳಾಗಬಾರದು.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಲ್ಲಿ ಅಂಜಿಕೆ ಬೇಡ. ಕಚೇರಿಯಲ್ಲಿ ಕುಳಿತು ಸುದ್ದಿ ತಯಾರಿಸದೆ ಜನರಿದ್ದಲ್ಲಿಗೆ ಹೋಗಿ ನೋಡಬೇಕೆಂದು ಜಗದ್ಗುರು ಫ್ರಾನ್ಸಿಸ್‌ರವರು 2021ರ ಸಂವಹನ ದಿನದ ಸಂದೇಶದಲ್ಲಿ ಬರೆದಿದ್ದರು. ಸಂತೆ, ಎ.ಪಿ.ಎಂ.ಸಿ., ಪಂಚಾಯಿತಿ ಸಭೆ ಹೇಗೆ ನಡೆಯುತ್ತದೆಂದು ಗುಡಗೇರಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲಿಷನ್ನು ಓದಿ ಅರ್ಥಮಾಡಿಕೊಳ್ಳುವಷ್ಟಾದರೂ ಕಲಿಯಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಸರ್ಕಾರಿ ವರದಿ, ನ್ಯಾಯಾಲಯದ ತೀರ್ಪು ಬಹಳಷ್ಟು ಸಲ ಆ ಭಾಷೆಯಲ್ಲಿಯೇ ಇರುತ್ತವೆ. ಕನ್ನಡ ಬೆರಳಚ್ಚನ್ನು ರಜೆಯಲ್ಲೇ ಕಲಿತರೆ ಒಳ್ಳೆಯದು.

ಇನ್ನು ಅರ್ಜಿಯ ಮಾತು. 2021ರಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಯು.ಯು.ಸಿ.ಎಂ.ಎಸ್. ಎಂಬ ಅಂತರ್ಜಾಲ ವ್ಯವಸ್ಥೆ ಬಂದಿತು. ವಿದ್ಯಾರ್ಥಿ ಖಾತೆ ತೆರೆದು, ವಿಶ್ವವಿದ್ಯಾಲಯ, ಕಾಲೇಜು, ವಿಷಯಗಳನ್ನು ಆರಿಸಿ, ಅಂಕಪಟ್ಟಿ ಸೇರಿಸಬೇಕು. ಕಾಲೇಜಿನವರು ಪರಿಶೀಲಿಸಿದ ಮೇಲೆ ಶುಲ್ಕ. ಖಾತೆಗೆ ಕೊಡುವ ಮೊಬೈಲ್ ಸಂಖ್ಯೆ ಮನೆಯದೇ ಇರಲಿ. ಅಂಗಡಿಯವರ ಸಂಖ್ಯೆ, ಅವರ ಮಿಂಚಂಚೆ ಕೊಟ್ಟು ಬಂದರೆ ಮುಂದೆ ಪರೀಕ್ಷಾ ಅರ್ಜಿ, ಫಲಿತಾಂಶಕ್ಕೆಲ್ಲ ಒ.ಟಿ.ಪಿ.ಗಾಗಿ ಅವರ ಬಾಗಿಲು ಕಾಯಬೇಕಾಗುತ್ತದೆ.

ಹೆಸರಿನ ವಿಚಾರ ನಮ್ಮ ಕುಟುಂಬಗಳಿಗೆ ವಿಶೇಷವಾದದ್ದು. ದೀಕ್ಷಾಸ್ನಾನದ ಪತ್ರದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮನೆತನದ ಹೆಸರು ಮುಂದೆ, ಅಂಕಪಟ್ಟಿಯಲ್ಲಿ ಹಿಂದೆ. ಅರ್ಜಿಯಲ್ಲಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರನ್ನೇ ಅಕ್ಷರಕ್ಷರ ಬರೆಯಬೇಕು. ಆಧಾರ್ ಬೇರೆಯಾಗಿದ್ದರೆ ಫಲಿತಾಂಶ ಬರುವ ಮುಂಚೆಯೇ ತಿದ್ದಿಸಿಕೊಳ್ಳಿ. ಪ್ರವೇಶದ ಗಡಿಬಿಡಿಯಲ್ಲಿ ಆಗುವ ಕೆಲಸವಲ್ಲ ಅದು.

ಜಾತಿ ಕಾಲಂ ಇನ್ನೂ ಸೂಕ್ಷ್ಮ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3-ಬಿ. ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಬಂದ ಕುಟುಂಬಗಳು ಪ್ರವರ್ಗ 1. ಹಳೆಯ ಪ್ರಮಾಣಪತ್ರ ಮನೆಯಲ್ಲಿದೆ ಎಂದು ಪರಿಶಿಷ್ಟ ಜಾತಿ ಎಂದು ಬರೆಸುವವರು ಇದ್ದಾರೆ. ಕ್ರೈಸ್ತ ಧರ್ಮವನ್ನು ಪಾಲಿಸುತ್ತಲೇ ಮೀಸಲಾತಿಗಾಗಿ ಹಾಗೆ ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ಮೋಸವೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದಲಿತ ಕ್ರೈಸ್ತರಿಗೆ ಇದರಲ್ಲಿ ಅನ್ಯಾಯವಿದೆಯೇ ಎಂಬುದು ಬೇರೆಯೇ ಚರ್ಚೆ, ಅದನ್ನು ಮಗುವಿನ ಅರ್ಜಿಯ ಮೇಲೆ ನಡೆಸುವುದು ಬೇಡ. ಪರಿಶಿಷ್ಟ ಪಂಗಡಕ್ಕೆ ಈ ತೊಡಕಿಲ್ಲ, ಅಲ್ಲಿ ಧರ್ಮ ಲೆಕ್ಕಕ್ಕೆ ಬರುವುದಿಲ್ಲ. ಕಲಘಟಗಿ ಕಡೆಯ ಸಿದ್ದಿ ಕುಟುಂಬಗಳು ಇದನ್ನು ಗಮನಿಸಬೇಕು: 2020ರ ತಿದ್ದುಪಡಿಯಿಂದ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳೂ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದಾರೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್.ಡಿ. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ವಿದ್ಯಾರ್ಥಿವೇತನದ ಎಸ್.ಎಸ್.ಪಿ. ಅರ್ಜಿಗೆ ಬೇಕು.

ದೂರ ಕಳಿಸಬಲ್ಲವರಿಗೆ ಬೇರೆ ದಾರಿಗಳಿವೆ. ಮಂಗಳೂರಿನ ಸಂತ ಅಲೋಶಿಯಸ್, ಬೆಂಗಳೂರಿನ ಸಂತ ಜೋಸೆಫರ ಸಂಸ್ಥೆಗಳು ಜೆಸ್ವಿತ್ ಗುರುಗಳು ನಡೆಸುವಂಥವು, ಈಗ ತಾವೇ ವಿಶ್ವವಿದ್ಯಾಲಯಗಳಾಗಿವೆ. ಅಲ್ಲಿನ ಅರ್ಜಿ ಪ್ರತ್ಯೇಕ, ಶುಲ್ಕವೂ ಹೆಚ್ಚು. ದೆಹಲಿ ವಿಶ್ವವಿದ್ಯಾಲಯದ ಲೇಡಿ ಶ್ರೀರಾಮ್‌ನಂಥ ಕಾಲೇಜುಗಳಲ್ಲಿ ಪತ್ರಿಕೋದ್ಯಮವೇ ಆನರ್ಸ್ ವಿಷಯ. ಅದಕ್ಕೆ 2022ರಲ್ಲಿ ಆರಂಭವಾದ ಸಿ.ಯು.ಇ.ಟಿ. ಪರೀಕ್ಷೆ ಬರೆಯಬೇಕು. ಅದನ್ನು ಕನ್ನಡದಲ್ಲಿಯೂ ಬರೆಯಬಹುದೆಂಬುದು ನಮ್ಮ ಮಕ್ಕಳಲ್ಲಿ ಹಲವರಿಗೆ ಗೊತ್ತೇ ಇಲ್ಲ. ಅರ್ಜಿಯ ಅವಧಿ ಪಿ.ಯು.ಸಿ. ಫಲಿತಾಂಶಕ್ಕೆ ಮುಂಚೆಯೇ ಮುಗಿಯುವುದರಿಂದ ಚಳಿಗಾಲದಲ್ಲೇ ಎಚ್ಚರವಾಗಿರಬೇಕು.

ಈ ವರ್ಷ ಬೇಕಾದ ಸೀಟು ಸಿಗದಿದ್ದರೆ? ಸ್ನಾತಕೋತ್ತರ ಪತ್ರಿಕೋದ್ಯಮಕ್ಕೆ ಯಾವ ವಿಷಯದ ಪದವೀಧರರೂ ಸೇರಬಹುದು. ಹಾವೇರಿ ಸೀಮೆಯ ಪಾಟೀಲ ಪುಟ್ಟಪ್ಪನವರು ಮೊದಲು ಓದಿದ್ದು ಕಾನೂನು. ಆಮೇಲೆ ಪತ್ರಿಕೋದ್ಯಮ ಕಲಿಯಲು 1949ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೇ ಹೋಗಬೇಕಾಯಿತು. ಮರಳಿ ಬಂದು ಹುಬ್ಬಳ್ಳಿಯಲ್ಲಿ 'ಪ್ರಪಂಚ' ವಾರಪತ್ರಿಕೆ ನಡೆಸಿದರು. ಈಗ ಅದೇ ವಿದ್ಯೆ ಕಲಿಯಲು ಗುಡಗೇರಿಯಿಂದ ಹುಬ್ಬಳ್ಳಿ ದಾಟಿ ಧಾರವಾಡಕ್ಕೆ ಹೋದರೆ ಸಾಕು.

ಸಂಬಳದ ಮಾತನ್ನು ಮುಚ್ಚಿಡುವುದು ಬೇಡ. ಜಿಲ್ಲಾ ಮಟ್ಟದ ಕನ್ನಡ ಪತ್ರಿಕೆಗಳಲ್ಲಿ ಮೊದಲ ವರ್ಷಗಳು ಬಿಗಿಯಾಗಿಯೇ ಇರುತ್ತವೆ. ಸಾಲ ಮಾಡಿ ದುಬಾರಿ ಕಾಲೇಜಿಗೆ ಹಾಕುವ ಮುನ್ನ ತಂದೆ-ತಾಯಿ ಇದನ್ನು ಮಕ್ಕಳೊಡನೆ ಕುಳಿತು ಲೆಕ್ಕಹಾಕಲಿ. ಧಾರವಾಡದಲ್ಲಿ ಓದುವ ಒಂದು ಲಾಭ ಇದೇ. ಖರ್ಚು ಕಡಿಮೆ, ಹುಬ್ಬಳ್ಳಿಯಲ್ಲಿ ದಿನಪತ್ರಿಕೆಗಳ ಆವೃತ್ತಿ ಕಚೇರಿಗಳಿವೆ, ಧಾರವಾಡದಲ್ಲಿಯೇ 1950ರಿಂದ ಆಕಾಶವಾಣಿ ನಿಲಯವಿದೆ. ಎರಡನೆಯ ವರ್ಷದಿಂದಲೇ ರಜೆಯಲ್ಲಿ ಅಲ್ಲಿ ತರಬೇತಿ ಕೇಳಿ ನೋಡಬಹುದು.

ದಿನವೂ ಹೋಗಿ ಬರುವ ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನ ಖರ್ಚಿಲ್ಲ. ಗಂಡುಮಕ್ಕಳು ಪ್ರವೇಶ ಪಡೆದ ವಾರವೇ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಲಿ. ದಿನದ ಪ್ರಯಾಣ ಭಾರವೆನಿಸಿದವರು ಅಲ್ಪಸಂಖ್ಯಾತರ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ವಸತಿನಿಲಯಕ್ಕೆ ಕೇಳಬೇಕು. ಅದಕ್ಕೆ ಕಾಲೇಜಿನ ಪ್ರವೇಶ ರಸೀದಿ ಬೇಕಾಗುವುದರಿಂದ ಅದರ ಎರಡು ಜೆರಾಕ್ಸ್ ಪ್ರತಿಗಳನ್ನು ಅಂದೇ ಮಾಡಿಸಿಟ್ಟುಕೊಳ್ಳಿ.